ಇಂಜಿನ್ ನಂಬರಿನ ಬಿಲ್ಲೆ

ನಾವಿರುವುದು ಶಿಗ್ಗಾಂವಿಯಲ್ಲಿ. ನಮ್ಮ ಯಜಮಾನರು ರೈಲ್ವೆಯಲ್ಲಿ ಉಗಿ ಇಂಜಿನ್ನಿನ ಫಿಟ್ಟರ್ ಆಗಿದ್ದವರು. ಸವಣೂರಿನ ಅವರ ಗೆಳೆಯ ಇಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದವರು. ನಿವೃತ್ತರಾಗಿ ಎಷ್ಟೋ ವರ್ಷದ ಮೇಲೆ, ತಾವು ದುಡಿದ ಇಂಜಿನ್ನನ್ನೇ ಸ್ಟೇಷನ್ ಅಂಗಳದಲ್ಲಿ ಪ್ರದರ್ಶನಕ್ಕೆ ನಿಲ್ಲಿಸಲು ಸರಿಪಡಿಸುತ್ತಿದ್ದಾರೆಂದು ಇಬ್ಬರಿಗೂ ಕರೆ ಬಂತು. ದಿನಾ ಬಸ್ ಹತ್ತಿ ಹೋಗಿ ತುಕ್ಕು ಕೆರೆದರು, ಗ್ರೀಸು ಹಚ್ಚಿದರು.

ಚಕ್ರದ ದಂಡದ ಮೇಲಿರುವ ಎಣ್ಣೆಬಟ್ಟಲಿನ ಹಿತ್ತಾಳೆ ಮುಚ್ಚಳ ಮಾತ್ರ ಇರಲಿಲ್ಲ. ಅದಿಲ್ಲದಿದ್ದರೆ ಮಳೆನೀರು ಇಳಿದು ಒಳಗೆಲ್ಲ ತುಕ್ಕು.

"ನೀನ ಒಯ್ದಿರಬೇಕ. ಹಿತ್ತಾಳಿ ಕಂಡ್ರ ನಿನಗ ಕೈ ತಡಿಯಂಗಿಲ್ಲ," ಎಂದು ಇವರು ಎಲ್ಲರೆದುರು ಗೆಳೆಯನಿಗೆ ಅಂದುಬಿಟ್ಟರಂತೆ. ಗೆಳೆಯ ಬಸ್ ಹತ್ತಿ ಹೋದವರು ಮತ್ತೆ ಬರಲಿಲ್ಲ. ನಲವತ್ತು ವರ್ಷದ ಗೆಳೆತನ.

ಮುಚ್ಚಳ ನನ್ನ ಅಡುಗೆಮನೆಯಲ್ಲಿತ್ತು. ಉಗಿ ಇಂಜಿನ್ ಓಡುವುದು ನಿಂತ ವರ್ಷ ಇವರೇ ಊಟದ ಡಬ್ಬಿಯಲ್ಲಿಟ್ಟು ತಂದಿದ್ದರು, ಆಮೇಲೆ ಮರೆತಿದ್ದರು. ಅಂದಿನಿಂದ ಗೋದಿಹಿಟ್ಟಿನ ಸಿಹಿ ಬಿಲ್ಲೆಯನ್ನು ನಾನು ಕತ್ತರಿಸುವುದು ಅದರಿಂದಲೇ. ಬಿಚ್ಚಿದ ಭಾಗ ಬೇರೆ ಇಂಜಿನ್ನಿಗೆ ಹೋಗಬಾರದೆಂದು ಶೆಡ್ಡಿನಲ್ಲಿ ಒಂದೊಂದರ ಮೇಲೂ ಇಂಜಿನ್ ನಂಬರ್ ಕುಟ್ಟುತ್ತಿದ್ದರು. ಮುಚ್ಚಳದ ಒಳಮೈಯಲ್ಲೂ ಇತ್ತು. ಜೋರಾಗಿ ಒತ್ತಿದರೆ ಹಿಟ್ಟಿನ ಮೇಲೆ ಉಲ್ಟಾ ಮೂಡುತ್ತಿತ್ತು.

ನೇರವಾಗಿ ಹೇಳಿದರೆ 'ನೀನ ತರಾಕ ಹಚ್ಚಿದ್ದಿ' ಎಂದು ತಪ್ಪನ್ನು ನನ್ನ ಮೇಲೇ ಹಾಕುವ ಮನುಷ್ಯ. ನಾನು ಆಗಷ್ಟೇ ಟೈಪ್ ಮಾಡಲು ಕಲಿತಿದ್ದೆ. ಇವರ ಫೋನಿನಿಂದ ಗೆಳೆಯನಿಗೆ 'ನಾಳೆ ಚಹಾಕ್ಕ ಬಾ' ಎಂದು ಒಂದೇ ಬೆರಳಿನಲ್ಲಿ ಬರೆದು ಕಳಿಸಿದೆ.

ಬಂದರು. ಇಬ್ಬರೂ ಒಂದೊಂದು ಗೋಡೆ ನೋಡುತ್ತ ಕುಳಿತರು. ಈ ಸಲ ಜೋರಾಗಿಯೇ ಒತ್ತಿ ಕತ್ತರಿಸಿದ್ದ ಬಿಲ್ಲೆಯ ತಾಟನ್ನು ನಡುವೆ ಇಟ್ಟೆ. ಗೆಳೆಯ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು.

"ವೈನಿ, ಬಿಲ್ಲಿಗೂ ನಂಬರ್ ಹಾಕೀರೇನ್ರಿ?"

"ನಾ ಯಾಕ ಹಾಕ್ಲಿರಿ. ನಿಮ್ಮ ಗೆಳ್ಯಾರು ಡಬ್ಬ್ಯಾಗ ಒಂದ ಮುಚ್ಚಳಾ ತಂದಿದ್ರು. ಅದ ಹಾಕತೈತಿ."

ಇವರೂ ಒಂದು ಬಿಲ್ಲೆ ತೆಗೆದುಕೊಂಡು ನೋಡಿದರು. ಚಹಾ ಆರುವವರೆಗೂ ನೋಡಿದರು.

"ನಾನ ತಂದಿದ್ದೆಪಾ," ಎಂದರು ಕೊನೆಗೆ. "ಮಂದಿ ಮುಂದ ನಿನ್ನ ಕಳ್ಳನ್ನ ಮಾಡಿದೆ."

"ಹಂಗಾರ ಮಂದಿ ಮುಂದನ ಹೇಳ್ಬೇಕ," ಎಂದು ಗೆಳೆಯ ಬಿಲ್ಲೆ ಕಡಿದರು.

ಮರುದಿನ ಸ್ಟೇಷನ್ನಿನಲ್ಲಿ ಇವರು ಎಲ್ಲರೆದುರು ಹೇಳಿ, ಮುಚ್ಚಳವನ್ನು ಗೆಳೆಯನ ಕೈಗೇ ಕೊಟ್ಟರು. ಅವರು ಅಂಟಿದ್ದ ಹಿಟ್ಟನ್ನು ಉಗುರಿನಿಂದ ಕೆರೆದು, ಇವರಿಗೆ ತೋರಿಸಿ, ಎಣ್ಣೆಬಟ್ಟಲಿಗೆ ತಿರುವಿ ಕೂಡಿಸಿದರು.

ಈಗ ನಾನು ಬಿಲ್ಲೆಯನ್ನು ಲೋಟದಿಂದ ಕತ್ತರಿಸುತ್ತೇನೆ. "ವೈನಿ, ಇವು ಯಾವ ಇಂಜಿನ್ದು?" ಎಂದು ಗೆಳೆಯ ಬಂದಾಗಲೆಲ್ಲ ಕೇಳುತ್ತಾರೆ. ಇವರು ಚಹಾವನ್ನು ಬಸಿಗೆ ಸುರಿದುಕೊಂಡು ಅದರಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ.