ಆರನೆಯ ಅಧ್ಯಾಯವನ್ನು ನಿಹಾಲ್ ಕೇಳಿದ

ಸುಗುಣಾ ಸಾಲಿನ್ಸ್ ಅವರ ಪುಸ್ತಕವನ್ನು ಆಡಿಯೋ ಮಾಡಿಸಿದ ಮಹಾಬುದ್ಧಿವಂತೆ ನಾನೇ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅಮೆರಿಕದ ಹಿಲ್ಸ್‌ಬರೋದಲ್ಲಿ ನಮ್ಮದೂ ಅವರದೂ ಎದುರುಬದುರು ಟೌನ್‌ಹೌಸ್. ನಾನು ಮೈಸೂರಿನ ರಾಜಿ, ದೇವರ ಮುಂದೆ ದೀಪ ಹಚ್ಚುವವಳು. ಅವರು ಉಡುಪಿ ಕಡೆಯ ಪ್ರಾಟೆಸ್ಟಂಟ್ ಮನೆತನದವರು. ಮನೆಮಾತು ಕನ್ನಡ, ಬೈಬಲ್ಲೂ ಕನ್ನಡ. ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತರಾದರು. ಗಂಡ ತೀರಿಕೊಂಡ ಮೇಲೆ, ಬೆಳಗಿನ ಪ್ರಾರ್ಥನೆ ಮುಗಿಸಿ ಹಳದಿ ಹಾಳೆಯ ಪ್ಯಾಡಿನಲ್ಲಿ ತಮ್ಮ ಸಾಕ್ಷಿ ಬರೆಯತೊಡಗಿದರು. ತನ್ನ ಬಾಳಿನಲ್ಲಿ ದೇವರು ಏನು ಮಾಡಿದ ಎಂದು ಹತ್ತು ಜನರ ಮುಂದೆ ಹೇಳುವುದಕ್ಕೆ ಅವರಲ್ಲಿ ಸಾಕ್ಷಿ ಎನ್ನುತ್ತಾರೆ. ಅದನ್ನು ಟೈಪ್ ಮಾಡಿದವಳು ನಾನು.

ಆರನೆಯ ಅಧ್ಯಾಯಕ್ಕೆ ಬಂದಾಗ ನನ್ನ ಕೈ ನಿಂತುಹೋಯಿತು. ಸುಗುಣಾ ಅಮೆರಿಕಕ್ಕೆ ಬಂದ ಹೊಸತು, ಗಂಡನ ವೀಸಾ ತೂಗುಯ್ಯಾಲೆ, ಹೊಟ್ಟೆಯಲ್ಲಿ ಒಬ್ಬನೇ ಮಗ ನಿಹಾಲ್. ಮಗು ಬೇಡವೆಂದು ಕ್ಲಿನಿಕ್ಕಿಗೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದರಂತೆ. ಆ ದಿನ ಹಿಮ ಸುರಿದು ಕ್ಲಿನಿಕ್ ಮುಚ್ಚಿತ್ತು. ದೇವರೇ ಹಿಮ ಕಳಿಸಿ ಮಗುವನ್ನು ಉಳಿಸಿದ ಎಂದು ಬರೆದಿದ್ದರು.

"ಅಲ್ಲಾರೀ, ಇದು ನಿಹಾಲ್‌ಗೆ ಗೊತ್ತಾ?" ಎಂದೆ.

"ಅಯ್ಯೋ, ಇಲ್ಲ ಮಾರಾಯ್ತಿ! ಅವನಿಗೆ ಗೊತ್ತಾದ್ರೆ ನಾನು ಸತ್ತೇ ಹೋಗ್ತೇನೆ. ಕನ್ನಡ ಅಕ್ಷರ ಅವನಿಗೆ ಎಲ್ಲಿ ಬರ್ತದೆ? ಅದಕ್ಕೇ ಧೈರ್ಯ ಮಾಡಿ ಬರೆದದ್ದು."

ಇಲ್ಲಿನ ಪ್ರಕಾಶಕರು ಕನ್ನಡವೆಂದರೆ ಕಣ್ಣೆತ್ತಿಯೂ ನೋಡಲಿಲ್ಲ. ನಾವೇ ಅಚ್ಚು ಹಾಕಿಸಿದೆವು. ಭಾನುವಾರ ಚರ್ಚಿನ ಹಾಲಿನಲ್ಲಿ ಸಮೋಸಾ ತಟ್ಟೆಗಳ ಪಕ್ಕ ಮೇಜು ಹಾಕಿ ಕೂತರೆ, ಬಂದವರೆಲ್ಲ ಮುಖಪುಟ ಸವರಿ, "ಚೆನ್ನಾಗಿದೆ ಆಂಟಿ, ಆದ್ರೆ ಓದೋಕೆ ಟೈಮ್ ಎಲ್ಲಿ? ಡ್ರೈವ್ ಮಾಡ್ತಾ ಕೇಳೋ ಹಾಗಿದ್ರೆ..." ಎಂದು ಸಮೋಸಾ ಕಡೆಗೆ ನಡೆದರು. ನನಗೆ ಪಿತ್ತ ನೆತ್ತಿಗೇರಿತು. ಕೇಳಬೇಕಂತೆ, ಕೇಳಲಿ! ಸುಗುಣಾ ಅವರನ್ನು ಕೋಟು ನೇತುಹಾಕುವ ಕ್ಲಾಸೆಟ್ಟಿನಲ್ಲಿ ಕೂರಿಸಿ, ಅವರ ದನಿಯಲ್ಲೇ ಇಡೀ ಪುಸ್ತಕ ಓದಿಸಿ ರೆಕಾರ್ಡ್ ಮಾಡಿದೆ. ಅವರ ಫೋನಿನಿಂದ ಸಿಕ್ಕಸಿಕ್ಕ ವಾಟ್ಸ್ಆ್ಯಪ್ ಗುಂಪಿಗೆಲ್ಲ ಲಿಂಕ್ ತಳ್ಳಿದೆ. ಅದರಲ್ಲಿ ಅವರ ಮನೆಯವರ ಗುಂಪೂ ಇತ್ತು.

ನಿಹಾಲ್‌ಗೆ ಕನ್ನಡ ಓದಲು ಬರುವುದಿಲ್ಲ, ನಿಜ. ಆದರೆ ಅಮ್ಮ ಆಡಿದ್ದೆಲ್ಲ ಅರ್ಥವಾಗುತ್ತದೆ! ಹುಟ್ಟಿದಾಗಿನಿಂದ ಅವರು ಕನ್ನಡದಲ್ಲಿ ಬೈದಿದ್ದಾರೆ, ಅವನು ಇಂಗ್ಲಿಷಿನಲ್ಲಿ ಎದುರು ವಾದಿಸಿದ್ದಾನೆ. ಓದು ಬರಹ ಬಲ್ಲ ಇಬ್ಬರು ಹೆಂಗಸರಿಗೆ ಇಷ್ಟು ಹೊಳೆಯಲಿಲ್ಲವಲ್ಲ! ನಮ್ಮ ತಲೆಯಲ್ಲಿ ಸಗಣಿ ತುಂಬಿತ್ತೇ?

ಮಂಗಳವಾರ ಬೆಳಿಗ್ಗೆ ಅವರ ಅಡುಗೆಮನೆಯಲ್ಲಿ ನಾವು ಕಾಫಿ ಕುಡಿಯುತ್ತಿದ್ದಾಗ ನಿಹಾಲ್ ಒಳಗೆ ಬಂದ. ಜೆರ್ಸಿ ಸಿಟಿಯ ಆಫೀಸಿಗೆ ಹೊರಟವನು ಅರ್ಧ ದಾರಿಯಲ್ಲಿ ಕಾರು ತಿರುಗಿಸಿಕೊಂಡು ಬಂದಿದ್ದ. ಮುಖ ಬಿಳಿಚಿಕೊಂಡಿತ್ತು. ಕೈಯಲ್ಲಿದ್ದ ಫೋನಿನಲ್ಲಿ ಸುಗುಣಾ ಅವರ ದನಿ ಇನ್ನೂ ಓದುತ್ತಲೇ ಇತ್ತು.

"ಸ್ನೋ ಡೇ, ಅಮ್ಮ? ಐ ಆ್ಯಮ್ ಹಿಯರ್ ಬಿಕಾಸ್ ಆಫ್ ಎ ಸ್ನೋ ಡೇ?"

ಸುಗುಣಾ ಎದ್ದರು, ಮತ್ತೆ ಕೂತರು.

"ಯೂ ಟೋಲ್ಡ್ ದ ಹೋಲ್ ಚರ್ಚ್. ನಾಟ್ ಮಿ."

"ತಪ್ಪು ನಂದಪ್ಪಾ, ಲಿಂಕ್ ಹಾಕಿದ್ದು ನಾನು. ಈಗ್ಲೇ ಡಿಲೀಟ್ ಮಾಡ್ತೀನಿ" ಎಂದು ನಾನು ಬಡಬಡಿಸಿದೆ. ಇಬ್ಬರೂ ನನ್ನ ಕಡೆ ನೋಡಲಿಲ್ಲ.

"ಅದು ಪೂರ್ತಿ ಅಲ್ಲ ಮಗಾ," ಎಂದರು ಸುಗುಣಾ. "ಪುಸ್ತಕದಲ್ಲಿ ಒಂದು ಬಿಟ್ಟಿದ್ದೇನೆ."

ಒಂದೊಂದು ಅಕ್ಷರ ಟೈಪ್ ಮಾಡಿದವಳು ನಾನು. ನನಗೂ ಗೊತ್ತಿಲ್ಲದ್ದು ಇನ್ನೇನಪ್ಪಾ ಎಂದು ಕಾಫಿ ಲೋಟ ಕೆಳಗಿಟ್ಟೆ.

"ಸಾಕ್ಷಿ ಅಂದ್ರೆ ದೇವರು ಮಾಡಿದ್ದು ಹೇಳಬೇಕು, ನಾನು ಮಾಡಿದ್ದಲ್ಲ. ಹಾಗಂತ ಬಿಟ್ಟೆ. ಹಿಮ ಒಂದೇ ದಿನ ಬಿದ್ದದ್ದು. ಮರುದಿನ ಕ್ಲಿನಿಕ್ ತೆರೆದಿತ್ತು. ಅವರೇ ಫೋನ್ ಮಾಡಿ, ಇವತ್ತು ಬನ್ನಿ ಅಂದ್ರು."

ನಿಹಾಲ್ ಫೋನ್ ಆಫ್ ಮಾಡಿದ. "ಆ್ಯಂಡ್?"

"ಬರುದಿಲ್ಲ ಅಂದೆ. ನಂಗೆ ಈ ಮಗು ಬೇಕು ಅಂದೆ."