ಗಾಳಿಯತ್ತೆ

ನಮ್ಮ ಬೀದಿಯ ಎಂಜಿನ್ ಗ್ಯಾರೇಜಿನ ಒಡತಿ ಎಲ್ಲರಿಗೂ ಗಾಳಿಯತ್ತೆ. ರೇಸಿನವರು, ಎಂಜಿನ್ ಗಾಳಿ ಎಳೆದುಕೊಳ್ಳುವ ಕಿಂಡಿಗಳಿರುವ ಹೊಳೆಯುವ ಸಿಲಿಂಡರ್ ಹೆಡ್ ತಂದು, “ಇದರಷ್ಟು ಗಾಳಿ ಇನ್ಯಾವುದೂ ಎಳೆಯಲ್ಲ ಅತ್ತೆ, ಡಬ್ಬದ ಮೇಲೇ ಬರೆದಿದೆ” ಎಂದರೆ, “ಹೆತ್ತವರಿಗೆ ಹೆಗ್ಗಣ ಮುದ್ದು ಕಣಪ್ಪ” ಎನ್ನುತ್ತ ಅದನ್ನು ಗಾಳಿ ಅಳೆಯುವ ಯಂತ್ರಕ್ಕೆ ಬಿಗಿಯುತ್ತಾಳೆ. ಕಿಂಡಿ ಮುಚ್ಚಿ ತೆರೆಯುವ ವಾಲ್ವನ್ನು ಕೂದಲೆಳೆಯಷ್ಟು, ಆಮೇಲೆ ಅರ್ಧ, ಆಮೇಲೆ ಪೂರ್ತಿ ತೆರೆದು, ಹೊಸದನ್ನೂ ಹಳೆಯದನ್ನೂ ಒಂದೇ ಬಲದ ಎಳೆತದಲ್ಲಿ ಹೋಲಿಸಿ ಮುಗಿಯುವವರೆಗೆ ಅವಳು ನೀರೂ ಮುಟ್ಟುವುದಿಲ್ಲ. “ಬಾಯಿ ದೊಡ್ಡದಾದ ಮಾತ್ರಕ್ಕೆ ಹಾಡು ಬರುತ್ತಾ? ವಾಲ್ವ್ ಪೂರ್ತಿ ತೆರೆದಿರೋದು ಒಂದು ಚಿಟಿಕೆ ಹೊತ್ತು. ಮಿಕ್ಕ ಹೊತ್ತಲ್ಲಿ ಎಷ್ಟು ಎಳೆಯುತ್ತೆ ನೋಡು.” ಪಕ್ಕದಲ್ಲಿ ಯಾರಾದರೂ ಸೀನಿದರೆ ಸಾಕು, “ಎಡ ಹೊಳ್ಳೆ ಕಟ್ಟಿದೆ” ಎಂದು ತೀರ್ಪು ಕೊಡುತ್ತಾಳೆ. ಮೊನ್ನೆಯ ಗುಡ್ಡದ ರೇಸಿಗೆ ಅವಳ ಮಗಳು ಅಮ್ಮನ ಅಳತೆ ನಂಬಿ, ಎಲ್ಲರೂ ನಕ್ಕ ಸಣ್ಣ ಕಿಂಡಿಯ ಹಳೆಯ ಹೆಡ್ಡನ್ನೇ ಕಾರಿಗೆ ಕೂರಿಸಿದಳು. ತಿರುವು ತಿರುವಿನಲ್ಲೂ ಒಬ್ಬೊಬ್ಬರನ್ನೇ ಹಿಂದೆ ಹಾಕಿ ಮೊದಲು ಗುರಿ ಮುಟ್ಟಿದಳು. ಆಗ, ಎಂಟು ವರ್ಷದ ಹಿಂದೆ ಒಂದು ಶ್ವಾಸಕೋಶ ತೆಗೆಸಿಕೊಂಡು, ನಾಲ್ಕು ಮೆಟ್ಟಿಲು ಹತ್ತಿದರೆ ಕೂತುಬಿಡುವ ಗಾಳಿಯತ್ತೆ ಬೆಂಚಿನ ಮೇಲೆ ಹತ್ತಿ ನಿಂತು, ಎಂಜಿನ್‌ಗಳ ಸದ್ದೂ ಅಡಗುವಂತೆ “ನನ್ನ ಮಗಳು ಕಣ್ರೋ!” ಎಂದು ಕೂಗಿದಳು.