ಉಲ್ಕೆಯ ರಂಜಕವನ್ನು ಎರಡು ಸಲ ಅಳೆದವರು

ಭೂಮಿಯ ಮೊದಮೊದಲ ಸಾಗರಗಳಲ್ಲಿ ಏನೇನು ಕರಗಿತ್ತೆಂಬುದನ್ನು ಆಕಾಶದಿಂದ ಬಿದ್ದ ಕಲ್ಲುಗಳನ್ನು ಕೇಳಿ ತಿಳಿಯಹೊರಟ ವಿಜ್ಞಾನಿಗಳು ಬೆರಳೆಣಿಕೆಯಷ್ಟು. ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ರಸಾಯನಶಾಸ್ತ್ರ ವಿಭಾಗದ ಹಿರಿಯ ಪ್ರಾಧ್ಯಾಪಕಿಯವರು ಅವರಲ್ಲೊಬ್ಬರು. ವಿಭಾಗಕ್ಕೆಲ್ಲ ಅವರು ‘ಕಲ್ಲು ಮೇಡಂ’. ಅವರ ತಾಯಿಯವರಂತೂ, “ಅಕ್ಕೀಲಿರೋ ಕಲ್ಲು ಆರಿಸು ಅಂದ್ರೆ ಓಡಿಹೋಗ್ತಿದ್ದೋಳು, ಈಗ ಆಕಾಶದ ಕಲ್ಲು ಆರಿಸ್ತಾ ಕೂತಿದಾಳೆ” ಎಂದು ಮನೆಗೆ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು.

ಸೇವೆಗೆ ಸೇರಿದಾಗ ಅವರಿಗೆ ದೊರೆತದ್ದು ಮೆಟ್ಟಿಲ ಕೆಳಗಿನ ಹಳೆಯ ಉಗ್ರಾಣ. ಒಂದೇ ಕಿಟಕಿ, ಅದಕ್ಕೂ ಚಿಲಕವಿರಲಿಲ್ಲ. ಅಲ್ಲೇ ಅವರು ತಮ್ಮ ಜೀವಮಾನದ ಪ್ರಶ್ನೆಯನ್ನು ಹಿಡಿದರು. ಜೀವಕ್ಕೆ ರಂಜಕ, ಅಂದರೆ ಫಾಸ್ಫರಸ್, ಬೇಕೇಬೇಕು; ಆದರೆ ಭೂಮಿಯ ಬಂಡೆಗಳಲ್ಲಿರುವ ರಂಜಕ ನೀರಿನಲ್ಲಿ ಸುಲಭವಾಗಿ ಕರಗುವಂಥದ್ದಲ್ಲ. ಕೆಲವು ಉಲ್ಕೆಗಳಲ್ಲಿ ಅದು ಕಬ್ಬಿಣ, ನಿಕಲ್‌ಗಳ ಜೊತೆ ಬೆಸೆದುಕೊಂಡಿರುತ್ತದೆ, ನೀರು ತಾಗಿದರೆ ತುಕ್ಕಿನೊಡನೆ ಕರಗಿ ಹೊರಬರುತ್ತದೆ. ಎಷ್ಟು ಬರುತ್ತದೆ? ಉಗುರಿನಷ್ಟು ಚೂರುಗಳನ್ನು ಗಾಳಿ ತೆಗೆದ ಉಪ್ಪುನೀರಿನ ಬಾಟಲಿಗಳಲ್ಲಿಟ್ಟು ಅವರು ತಿಂಗಳುಗಟ್ಟಲೆ ಕಾದರು.

ಹನ್ನೊಂದನೆಯ ವರ್ಷ, ಅವರ ಮೊದಲ ಸಂಶೋಧನ ವಿದ್ಯಾರ್ಥಿನಿಯ ಕೈಯಲ್ಲಿ, ಯಾರೂ ನಿರೀಕ್ಷಿಸದಷ್ಟು ದೊಡ್ಡ ಅಂಕಿ ಬಂತು. ಪ್ರತಿಷ್ಠಿತ ಪತ್ರಿಕೆಯೊಂದು ಪ್ರಬಂಧವನ್ನು ಒಪ್ಪಿತು. ಮೇಡಂ ಅವರ ಬಡ್ತಿಯೂ ಬಾಗಿಲಿಗೆ ಬಂದಿತ್ತು. ಅಷ್ಟರಲ್ಲಿ ಕಪಾಟಿನಲ್ಲಿ ಉಳಿದಿದ್ದ, ಉಲ್ಕೆಯ ಚೂರನ್ನೇ ಹಾಕದ ಬಾಟಲಿಯೊಂದನ್ನು ವಿದ್ಯಾರ್ಥಿನಿ ಅಳೆದಳು. ಅದರಲ್ಲೂ ರಂಜಕ! ಮೊದಲು ಪರೀಕ್ಷಿಸಿದ್ದ ಬರಿಯ ಬಾಟಲಿಗಳು ಹೊಸ ಪೆಟ್ಟಿಗೆಯವು. ಇದು ತೊಳೆದು ಬಳಸಿದ್ದು.

ಮೇಡಂ ಲ್ಯಾಬಿನ ಅಟೆಂಡರನ್ನು ಕರೆದು ವಿಚಾರಿಸಿದರು. “ಸೋಪಿನ ಪುಡಿ ಬದಲಾಯಿಸಿದ್ದೆ ಮೇಡಂ,” ಎಂದರು ಅವರು, ಮುಖ ಸಪ್ಪೆ ಮಾಡಿಕೊಂಡು. “ಹಳೇದಕ್ಕೆ ಕೈಯೆಲ್ಲ ಬಿರುಕು ಬಿಟ್ಟಿತ್ತು.”

“ಈಗ ವಾಸಿ ಆಯ್ತಾ?” ಇದು ಮೇಡಂ ಕೇಳಿದ ಮೊದಲ ಮಾತು.

ಹೊಸ ಪುಡಿಯಲ್ಲಿದ್ದ ರಂಜಕವೇ ತೊಳೆದ ಬಾಟಲಿಗಳಿಗೆ ಅಂಟಿ ಅಂಕಿಯನ್ನು ಉಬ್ಬಿಸಿತ್ತು. ವಿದ್ಯಾರ್ಥಿನಿ ಅಳತೊಡಗಿದಳು. ಅವಳ ಪದವಿ ನಿಂತಿದ್ದದ್ದೇ ಆ ಅಂಕಿಯ ಮೇಲೆ. “ಅಚ್ಚಾಗಿಬಿಡ್ಲಿ ಮೇಡಂ, ಆಮೇಲೆ ಸರಿಮಾಡೋಣ.”

“ಅದನ್ನ ನಂಬ್ಕೊಂಡು ಎಲ್ಲೋ ಒಬ್ಬಳು ನಾಲ್ಕು ವರ್ಷ ಕಳೀತಾಳೆ. ಅವಳ ವರ್ಷ ನಾವು ವಾಪಸ್ ಕೊಡೋಕಾಗುತ್ತಾ? ನಿನ್ನ ಪದವಿ ನನ್ನ ಜವಾಬ್ದಾರಿ, ನಡಿ.”

ಅಂದೇ ಮೇಡಂ ಪ್ರಬಂಧವನ್ನು ಪತ್ರಿಕೆಯಿಂದ ಹಿಂದಕ್ಕೆ ಪಡೆದರು. ತಪ್ಪು ತಮ್ಮದೊಬ್ಬರದೇ ಎಂದು ಅವರು ಪತ್ರದಲ್ಲಿ ಬರೆದರು. ಅಟೆಂಡರ ಹೆಸರಾಗಲಿ ವಿದ್ಯಾರ್ಥಿನಿಯ ಹೆಸರಾಗಲಿ ಅದರಲ್ಲಿರಲಿಲ್ಲ. ಬಡ್ತಿ ಮುಂದಕ್ಕೆ ಹೋಯಿತು. ಸಹೋದ್ಯೋಗಿಗಳ ಮುಖ ನೋಡಲಾಗದೆ ಒಂದು ವಾರ ಹಿಂಬದಿಯ ಮೆಟ್ಟಿಲಲ್ಲೇ ಓಡಾಡಿದೆನೆಂದು ಅವರು ಮುಂದೆ ತಾವೇ ಹೇಳಿಕೊಂಡು ನಕ್ಕಿದ್ದುಂಟು. ಎಂಟನೆಯ ದಿನ ಅಟೆಂಡರಿಗೆ ಕೈಗವಸು ತಂದುಕೊಟ್ಟು, ಅವರ ಪಕ್ಕದಲ್ಲೇ ನಿಂತು ಆಮ್ಲದಲ್ಲಿ ಬಾಟಲಿ ತೊಳೆಯಲು ಶುರುಮಾಡಿದರು.

ಮೂರು ವರ್ಷಗಳ ನಂತರ ಬಂದ ಅಂಕಿ ಮೊದಲಿನದರ ಐದನೆಯ ಒಂದು ಪಾಲು. ಇಡೀ ಸಾಗರದ ಮಾತಾಡುವಷ್ಟು ಅದು ದೊಡ್ಡದಲ್ಲ. ಉಲ್ಕೆ ಬಿದ್ದ ದಡದ ತಗ್ಗುನೀರಿನಲ್ಲಿ ಜೀವದ ರಸಾಯನಕ್ಕೆ ಬೇಕಾದ ರಂಜಕ ಸಿಕ್ಕಿರಬಹುದು ಎನ್ನಲು ಸಾಕು. ಮೇಡಂ ಅಷ್ಟನ್ನೇ ಬರೆದರು. ದೂರದ ಎರಡು ಪ್ರಯೋಗಾಲಯಗಳಲ್ಲೂ ಅದೇ ಅಂಕಿ ಬಂದ ಸುದ್ದಿ ತಲುಪಿದಾಗ ಅವರು ಮೊದಲು ಹುಡುಕಿಕೊಂಡು ಹೋದದ್ದು ಅಟೆಂಡರನ್ನು. “ನಮ್ಮ ಬಾಟಲಿ ಗೆದ್ದವು ಕಣ್ರೀ!” ವಿದ್ಯಾರ್ಥಿನಿಗೆ ಪದವಿ ಬಂತು, ಇಂದು ಅವರು ಸ್ವಂತ ಪ್ರಯೋಗಾಲಯದ ಮುಖ್ಯಸ್ಥರು, ಮೇಡಂ ಅವರ ನಿವೃತ್ತಿಗೆಂದು ಹೊರಬರುತ್ತಿರುವ ಈ ಅಭಿನಂದನ ಸಂಪುಟದ ಸಂಪಾದಕರೂ ಹೌದು.

ಕಳೆದ ತಿಂಗಳು ಮೇಡಂ ಇಪ್ಪತ್ತನಾಲ್ಕು ಹೊಸ ಬಾಟಲಿಗಳಿಗೆ ಮುಚ್ಚಳ ಬಿಗಿದರು. ಅವನ್ನು ತೆರೆಯಬೇಕಾದದ್ದು ಹತ್ತು ವರ್ಷಗಳ ಮೇಲೆ. “ನಿವೃತ್ತರಾಗೋರು ಇಂಥ ಪ್ರಯೋಗ ಹೂಡೋದಾ?” ಎಂದು ವಿಭಾಗದ ಮುಖ್ಯಸ್ಥರು ಕೇಳಿದ್ದಕ್ಕೆ, “ಕಲ್ಲಿಗೆ ನನ್ನ ವಯಸ್ಸು ಹೇಳಿಲ್ಲ, ನೀವೂ ಹೇಳ್ಬೇಡಿ” ಎಂದರಂತೆ. ಆ ಇಪ್ಪತ್ತನಾಲ್ಕು ಮುಚ್ಚಳಗಳನ್ನೂ ಅವರೇ, ನಡುಗದ ಕೈಯಿಂದ, ಒಂದೊಂದಾಗಿ ತೆರೆಯುವಂತಾಗಲಿ. ಆ ದಿನ ಅದೇ ಹಳೆಯ ಕಿಟಕಿಯ ಬಳಿ ನಿಂತು ಅಂಕಿ ಬರೆದುಕೊಳ್ಳುವ ಭಾಗ್ಯ ನಮ್ಮದಾಗಲಿ.